ಯಕ್ಷಗಾನದ ವಿಡಿಯೊ ಎಡಿಟಿಂಗ್: ಯಾವ ಟ್ರ್ಯಾಕನ್ನು ಮುಟ್ಟಬಾರದು, ಯಾವುದನ್ನು ಕತ್ತರಿಸಬೇಕು?

ಪ್ರಶ್ನೆ: ನಮ್ಮೂರ ಕಡೆಯ ಕಾಲಮಿತಿ ಯಕ್ಷಗಾನಗಳನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುತ್ತೇವೆ. ಕ್ಯಾಮೆರಾ ಸಭೆಯ ಹಿಂದೆ, ಸೌಂಡಿನವರ ಪಕ್ಕ ಇರುತ್ತದೆ. ಒಂದು ಮೊಬೈಲನ್ನು ರಂಗಸ್ಥಳದ ಬದಿಯಲ್ಲಿ ಸ್ಟ್ಯಾಂಡಿಗೆ ಹಾಕುತ್ತೇವೆ. ಮಿಕ್ಸರಿನಿಂದ ಒಂದು ಲೈನ್ ತೆಗೆದು ಸಣ್ಣ ರೆಕಾರ್ಡರಿಗೆ ಕೊಡುತ್ತೇವೆ. ಎಡಿಟಿಂಗ್ ಕೆಡೆನ್‌ಲೈವ್ ಎಂಬ ಸಾಫ್ಟ್‌ವೇರಿನಲ್ಲಿ. ಶುರುವಿಗೆ ಎಲ್ಲ ಹೊಂದಿಸಿದರೂ ಗಂಟೆ ಕಳೆಯುವಷ್ಟರಲ್ಲಿ ಮಾತು ಒಂದು ಕಡೆ, ತುಟಿ ಒಂದು ಕಡೆ. ಎಲ್ಲೋ ಒಂದು ಕಡೆ ಕತ್ತರಿಸಿದರೆ ಮುಂದಿನದೆಲ್ಲ ಜರುಗುತ್ತದೆ. ಕೆಲವು ಕಡೆ ಭಾಗವತರ ಧ್ವನಿ ಎರಡೆರಡು ಸಲ ಕೇಳುತ್ತದೆ. ಕೊನೆಗೆ ಟ್ರ್ಯಾಕುಗಳು ಒಂಬತ್ತೋ ಹತ್ತೋ ಆಗಿ ಯಾವುದು ಯಾವುದೆಂದೇ ತಿಳಿಯುವುದಿಲ್ಲ. ಇದನ್ನು ಸರಿಯಾಗಿ ಮಾಡುವ ಕ್ರಮ ಯಾವುದು?

ಉತ್ತರ: ನೀವು ಹೇಳಿದ ತೊಂದರೆಗಳು ನಾಲ್ಕು, ಬೇರು ಒಂದೇ. ನಿಮ್ಮ ಟೈಮ್‌ಲೈನಿನಲ್ಲಿ, ಅಂದರೆ ಕ್ಲಿಪ್ಪುಗಳನ್ನು ಸಾಲಾಗಿ ಇಡುವ ಪಟ್ಟಿಯಲ್ಲಿ, ಯಾರ ಮಾತು ನಡೆಯಬೇಕು ಅನ್ನೋದು ತೀರ್ಮಾನ ಆಗಿಲ್ಲ. ಕ್ಯಾಮೆರಾಕ್ಕೆ ಅದರದೇ ಗಡಿಯಾರ, ಮೊಬೈಲಿಗೆ ಅದರದು, ರೆಕಾರ್ಡರಿಗೆ ಇನ್ನೊಂದು. ನೀವು ಒಮ್ಮೆ ಇದನ್ನು ಎಳೆದು ಅದಕ್ಕೆ ಹೊಂದಿಸುತ್ತೀರಿ, ಇನ್ನೊಮ್ಮೆ ಅದನ್ನು ಎಳೆದು ಇದಕ್ಕೆ. ಹೀಗೆ ಮಾಡಿದರೆ ಎಂದಿಗೂ ಮುಗಿಯುವುದಿಲ್ಲ.

ಭಾಗವತರನ್ನು ಮೊದಲನೇ ವೇಷ ಅನ್ನುತ್ತಾರಲ್ಲ, ಹಾಗೆ ಟ್ರ್ಯಾಕುಗಳಲ್ಲೂ ಒಂದು ಮೊದಲನೇ ವೇಷ ಇರಬೇಕು. ಉಳಿದವೆಲ್ಲ ಅದರ ತಾಳಕ್ಕೆ ಕುಣಿಯಬೇಕು. ನಿಮ್ಮ ಕೆಲಸದಲ್ಲಿ ಅದು ಮಿಕ್ಸರಿನಿಂದ ಬಂದ ಧ್ವನಿ. ಅದನ್ನು ಶುರುವಿನಲ್ಲಿ ಇಟ್ಟಲ್ಲಿಂದ ಅಲುಗಿಸಬೇಡಿ, ತುಂಡು ಮಾಡಬೇಡಿ. ಚಿತ್ರವನ್ನು ಎಷ್ಟು ಬೇಕಾದರೂ ಕತ್ತರಿಸಿ. ಚಿತ್ರದಲ್ಲಿ ಒಂದು ಫ್ರೇಮ್ ಹಾರಿದರೆ ಯಾರಿಗೂ ಗೊತ್ತಾಗಲ್ಲ. ಪದ್ಯದ ಮಧ್ಯೆ ಧ್ವನಿ ಅಷ್ಟೇ ಹಾರಿದರೆ, ತಾಳ ತಿಳಿಯದವರಿಗೂ ಏನೋ ಮುಗ್ಗರಿಸಿತು ಅನ್ನಿಸುತ್ತದೆ.

ಮೊದಲು ಟ್ರ್ಯಾಕುಗಳ ಸ್ವಭಾವ ತಿಳಿದುಕೊಳ್ಳಿ. ವಿಡಿಯೊ ಟ್ರ್ಯಾಕು ಮತ್ತು ಆಡಿಯೊ ಟ್ರ್ಯಾಕು ನೋಡಲು ಒಂದೇ ಥರ ಇದ್ದರೂ ನಡೆಯುವ ರೀತಿ ಬೇರೆ. ವಿಡಿಯೊದಲ್ಲಿ ಮೇಲಿನದು ಕೆಳಗಿನದನ್ನು ಮುಚ್ಚುತ್ತದೆ. ವಿಡಿಯೊ ಟ್ರ್ಯಾಕುಗಳಿಗೆ ಕೆಳಗಿನಿಂದ ವಿ1, ವಿ2 ಅಂತ ಹೆಸರು, ಆಡಿಯೊದವಕ್ಕೆ ಎ1, ಎ2. ವಿ2ರಲ್ಲಿ ಚಿತ್ರ ಇದ್ದರೆ ವಿ1 ಕಾಣುವುದಿಲ್ಲ. ಆಡಿಯೊದಲ್ಲಿ ಯಾವುದೂ ಯಾವುದನ್ನೂ ಮುಚ್ಚುವುದಿಲ್ಲ. ಎಲ್ಲವೂ ಕೂಡಿಕೊಳ್ಳುತ್ತವೆ. ಎ1 ಮೇಲಿರಲಿ, ಎ3 ಕೆಳಗಿರಲಿ, ಬಾಯಿ ಮುಚ್ಚಿಸದಿದ್ದರೆ ಎಲ್ಲ ಒಟ್ಟಿಗೆ ಕೇಳುತ್ತವೆ. ನಿಮ್ಮ ಎರಡು ಧ್ವನಿಯ ಕಾಯಿಲೆಯಲ್ಲಿ ಅರ್ಧ ಇಲ್ಲೇ ಇದೆ. ವಿ2ರ ಚಿತ್ರ ವಿ1ನ್ನು ಮುಚ್ಚಿತು ಅಂತ ಕ್ಯಾಮೆರಾದ ಧ್ವನಿಯೂ ನಿಂತಿತು ಅಂದುಕೊಂಡಿರುತ್ತೀರಿ. ಅದು ಕೆಳಗೆ ಸುಮ್ನೆ ಹಾಡುತ್ತಲೇ ಇರುತ್ತದೆ.

ಈಗ ಜೋಡಣೆ. ಒಂಬತ್ತು ಟ್ರ್ಯಾಕ್ ಬೇಡ, ಆರು ಸಾಕು. ಕೆಡೆನ್‌ಲೈವ್‌ನಲ್ಲಿ ಕ್ಲಿಪ್ಪನ್ನು ವಿ1ಕ್ಕೆ ಎಳೆದು ಬಿಟ್ಟರೆ ಅದರ ಧ್ವನಿ ತಾನಾಗಿ ಎ1ಕ್ಕೆ ಇಳಿಯುತ್ತದೆ, ವಿ2ಕ್ಕೆ ಬಿಟ್ಟರೆ ಎ2ಕ್ಕೆ. ಮಧ್ಯದ ಗೆರೆಯಿಂದ ಮೇಲೆ ಕೆಳಗೆ ಕನ್ನಡಿ ಹಿಡಿದ ಲೆಕ್ಕ. ಇದರ ವಿರುದ್ಧ ಹೋಗಿ ಒದ್ದಾಡಬೇಡಿ. ಕ್ಯಾಮೆರಾಕ್ಕೆ ವಿ1 ಮತ್ತು ಎ1 ಕೊಡಿ. ಮೊಬೈಲಿಗೆ ವಿ2 ಮತ್ತು ಎ2. ಮಿಕ್ಸರಿನ ಧ್ವನಿಗೆ ಎ3. ಹೆಸರು, ಪ್ರಸಂಗ, ಕಲಾವಿದರ ಪಟ್ಟಿ, ಲೋಗೊ ಎಲ್ಲಕ್ಕೂ ವಿ3. ಟ್ರ್ಯಾಕಿನ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಬದಲಾಯಿಸಬಹುದು. 'ಕ್ಯಾಮೆರಾ', 'ಮೊಬೈಲ್', 'ಮಿಕ್ಸರ್' ಅಂತ ಕನ್ನಡದಲ್ಲೇ ಬರೆಯಿರಿ. ಒಂದು ಟ್ರ್ಯಾಕಿನಲ್ಲಿ ಒಂದೇ ಮೂಲದ ಸಾಮಾನು ಇರಬೇಕು. ಇದೊಂದು ಶಿಸ್ತು ಬಂದರೆ, ಆಟ ಮುಗಿದು ತಿಂಗಳಾದ ಮೇಲೆ ಪ್ರಾಜೆಕ್ಟ್ ತೆರೆದರೂ ತಲೆ ಕೆಡುವುದಿಲ್ಲ.

ಬೇರೆ ಸಾಫ್ಟ್‌ವೇರಿನಲ್ಲಿ ಇದೇ ಮಾತು ಹಾಗೇ ಹೊಂದುವುದಿಲ್ಲ. ಆಪಲ್‌ನವರ ಫೈನಲ್ ಕಟ್ ಪ್ರೊದಲ್ಲಿ 2011ರಿಂದ ಟ್ರ್ಯಾಕುಗಳೇ ಇಲ್ಲ, ಕ್ಲಿಪ್ಪುಗಳು ಒಂದಕ್ಕೊಂದು ಅಂಟಿಕೊಂಡು ಜರುಗುತ್ತವೆ. ಹಳೆಯ ಎಡಿಟರುಗಳು ಆಗ ರೇಗಿದ್ದು ಅಷ್ಟಿಷ್ಟಲ್ಲ. ಪ್ರೀಮಿಯರ್ ಮತ್ತು ಡಾವಿಂಚಿ ರಿಸಾಲ್ವ್‌ನಲ್ಲಿ ಆಡಿಯೊ ಟ್ರ್ಯಾಕು ಮೊನೊವೋ ಸ್ಟೀರಿಯೊವೋ ಅನ್ನೋದನ್ನೂ ನೋಡಿಕೊಳ್ಳಬೇಕು. ನೀವು ಕೆಡೆನ್‌ಲೈವ್ ಬಿಟ್ಟು ಹೋಗುವ ಅಗತ್ಯವೇನೂ ಇಲ್ಲ. ಈ ಕೆಲಸಕ್ಕೆ ಅದು ಸಾಕು.

ಒಂದೂ ಕ್ಲಿಪ್ ಇಡುವ ಮೊದಲು ಎರಡು ವಿಷಯ ಗಟ್ಟಿ ಮಾಡಿಕೊಳ್ಳಿ. ಒಂದು, ಪ್ರಾಜೆಕ್ಟಿನ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನೋದು. ನಿಮ್ಮ ಕ್ಯಾಮೆರಾ 25ರಲ್ಲಿ ತೆಗೆದಿದ್ದರೆ ಪ್ರಾಜೆಕ್ಟೂ 25 ಇರಲಿ. ಮೊದಲ ಕ್ಲಿಪ್ ಸೇರಿಸಿದಾಗ ಪ್ರಾಜೆಕ್ಟಿಗೆ ಹೊಂದದಿದ್ದರೆ ಕೆಡೆನ್‌ಲೈವ್ ಕೇಳುತ್ತದೆ. ಆದ್ದರಿಂದ ಮೊಬೈಲಿನ ಕ್ಲಿಪ್ಪನ್ನು ಮೊದಲು ಸೇರಿಸಬೇಡಿ, ಕ್ಯಾಮೆರಾದ್ದನ್ನು ಸೇರಿಸಿ. ಅರ್ಧ ಕೆಲಸ ಆದ ಮೇಲೆ ಫ್ರೇಮ್ ರೇಟ್ ಬದಲಾಯಿಸಿದರೆ ಕತ್ತರಿಸಿದ ಜಾಗಗಳೆಲ್ಲ ಆಚೀಚೆ ಆಗುತ್ತವೆ.

ಇನ್ನೊಂದು, ಮೊಬೈಲಿನ ಫೈಲು. ಮೊಬೈಲುಗಳು 30 ಫ್ರೇಮ್ ಅಂತ ಹೇಳಿಕೊಂಡರೂ ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ನಿಯತ್ತಾಗಿ ತೆಗೆಯುವುದಿಲ್ಲ. ಬೆಳಕು ಕಡಿಮೆ ಆದರೆ, ಫೋನ್ ಬಿಸಿ ಆದರೆ, ಫ್ರೇಮುಗಳ ನಡುವಿನ ಅಂತರ ಹೆಚ್ಚು ಕಡಿಮೆ ಆಗುತ್ತದೆ. ರಾಕ್ಷಸ ವೇಷದ ಪ್ರವೇಶಕ್ಕೆ ದೀಪ ತಗ್ಗಿಸಿದಾಗ ನಿಮ್ಮ ಮೊಬೈಲು ಇದನ್ನೇ ಮಾಡಿರುತ್ತದೆ. ಎಡಿಟಿಂಗ್ ಸಾಫ್ಟ್‌ವೇರಿಗೆ ಇದು ಆಗಿಬರುವುದಿಲ್ಲ. ಇಂಥ ಕ್ಲಿಪ್ ಸೇರಿಸುವಾಗ ಕೆಡೆನ್‌ಲೈವ್ ಎಡಿಟಿಂಗಿಗೆ ಅನುಕೂಲವಾದ ರೂಪಕ್ಕೆ ಬದಲಾಯಿಸಲೇ ಅಂತ ಕೇಳುತ್ತದೆ. ಹೂಂ ಅನ್ನಿ. ಡಿಸ್ಕಿನಲ್ಲಿ ಜಾಗ ಜಾಸ್ತಿ ತಿನ್ನುತ್ತದೆ, ಚಿಂತೆಯಿಲ್ಲ. ಅಥವಾ ಮೊದಲೇ ಹ್ಯಾಂಡ್‌ಬ್ರೇಕ್ ಅನ್ನೋ ಫೈಲು ಬದಲಾಯಿಸುವ ಸಾಫ್ಟ್‌ವೇರಿನಲ್ಲಿ ಹಾಕಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ 25ಕ್ಕೆ ತಂದುಕೊಳ್ಳಿ.

ಇನ್ನು ಹೊಂದಿಸುವ ಕೆಲಸ. ಮಿಕ್ಸರಿನ ಧ್ವನಿಯನ್ನು ಎ3ರಲ್ಲಿ ಇಡಿ. ಕ್ಯಾಮೆರಾ ಅದಕ್ಕಿಂತ ಮೊದಲೇ ಶುರುವಾಗಿದ್ದರೆ ತೊಂದರೆ ಆಗದಂತೆ ಮುಂದೆ ಒಂದೆರಡು ನಿಮಿಷ ಖಾಲಿ ಬಿಟ್ಟು ಇಡಿ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಟ್ ಆಡಿಯೊ ರೆಫರೆನ್ಸ್' ಕೊಡಿ. ಆಮೇಲೆ ಕ್ಯಾಮೆರಾದ ಕ್ಲಿಪ್ ಆರಿಸಿ 'ಅಲೈನ್ ಆಡಿಯೊ ಟು ರೆಫರೆನ್ಸ್'. ಮೊಬೈಲಿಗೂ ಹಾಗೇ. ಸಾಫ್ಟ್‌ವೇರು ಎರಡು ಧ್ವನಿಗಳ ಅಲೆಗಳನ್ನು ಹೋಲಿಸಿ ಕೂರಿಸುತ್ತದೆ. ಉದ್ದದ ಫೈಲುಗಳಾದರೆ ಸಮಯ ಹಿಡಿಯುತ್ತದೆ, ಒಮ್ಮೊಮ್ಮೆ ತಪ್ಪೂ ಆಗುತ್ತದೆ. ತಪ್ಪಾದರೆ ಕೈಯಿಂದ ಮಾಡಿ. ಯಕ್ಷಗಾನದಲ್ಲಿ ಇದು ಬಹಳ ಸುಲಭ. ಚಂಡೆಯ ಮೊದಲ ಪೆಟ್ಟು ಅಲೆಯಲ್ಲಿ ಮೊಳೆ ನಿಂತ ಹಾಗೆ ಕಾಣುತ್ತದೆ. ಮೂರೂ ಟ್ರ್ಯಾಕುಗಳಲ್ಲಿ ಅದನ್ನು ಹುಡುಕಿ ಒಂದೇ ಗೆರೆಗೆ ತನ್ನಿ. ಆದಮೇಲೆ ಎ3ರ ಬೀಗದ ಗುರುತು ಒತ್ತಿ ಲಾಕ್ ಮಾಡಿ.

ಇಲ್ಲಿ ಸಾಮಾನ್ಯವಾಗಿ ಯಾರೂ ಹೇಳದ ಒಂದು ವಿಷಯ ಇದೆ. ಸ್ವಲ್ಪ ನಿಧಾನವಾಗಿ ಓದಿ. ಧ್ವನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಂದರೆ ಒಂದು ಮೀಟರಿಗೆ ಹೆಚ್ಚುಕಡಿಮೆ 3 ಮಿಲಿಸೆಕೆಂಡ್. ನಿಮ್ಮ ಕ್ಯಾಮೆರಾ ರಂಗಸ್ಥಳದಿಂದ 30 ಮೀಟರ್ ಹಿಂದೆ ಇದೆ ಅಂದುಕೊಳ್ಳೋಣ. ವೇಷಧಾರಿ ಬಾಯಿ ತೆರೆದದ್ದು ಕ್ಯಾಮೆರಾಕ್ಕೆ ಆ ಕ್ಷಣವೇ ಕಂಡಿತು. ಅದರ ಮೈಕಿಗೆ ಧ್ವನಿ ಮುಟ್ಟಿದ್ದು ಸುಮಾರು 88 ಮಿಲಿಸೆಕೆಂಡ್ ತಡವಾಗಿ. 25 ಫ್ರೇಮಿನ ಪ್ರಾಜೆಕ್ಟಿನಲ್ಲಿ ಒಂದು ಫ್ರೇಮ್ ಅಂದರೆ 40 ಮಿಲಿಸೆಕೆಂಡ್. ಅಲ್ಲಿಗೆ ಎರಡು ಫ್ರೇಮಿಗಿಂತ ತುಸು ಜಾಸ್ತಿ. ಮಿಕ್ಸರಿಗೆ ಬಂದದ್ದು ತಂತಿಯಲ್ಲಿ, ಅದಕ್ಕೆ ಈ ತಡ ಇಲ್ಲ. ಈಗ ನೀವು ಕ್ಯಾಮೆರಾದ ಧ್ವನಿಯನ್ನು ಮಿಕ್ಸರಿನ ಧ್ವನಿಗೆ ಕರಾರುವಾಕ್ಕಾಗಿ ಕೂರಿಸಿದಿರಿ. ಧ್ವನಿಯೇನೋ ಕೂಡಿತು. ಅದರ ಜತೆ ಕಟ್ಟಿಕೊಂಡಿದ್ದ ಚಿತ್ರ ಎರಡು ಫ್ರೇಮ್ ಮೊದಲೇ ಬಂದುಬಿಟ್ಟಿತು. ತುಟಿ ಅಲುಗಿದ ಮೇಲೆ ಮಾತು ಬರುತ್ತದೆ.

ಸರಿಪಡಿಸಲು ಕ್ಯಾಮೆರಾ ಕ್ಲಿಪ್ಪಿನ ಚಿತ್ರ ಮತ್ತು ಧ್ವನಿಯ ಗಂಟು ಬಿಚ್ಚಿ. ಕಂಟ್ರೋಲ್, ಶಿಫ್ಟ್, ಜಿ ಒತ್ತಿದರೆ ಬಿಚ್ಚುತ್ತದೆ. ಧ್ವನಿ ಅಲ್ಲೇ ಇರಲಿ. ವಿ1ರ ಚಿತ್ರವನ್ನು ಮಾತ್ರ ಆರಿಸಿ ಶಿಫ್ಟ್ ಜಿ ಒತ್ತಿ, ಬಲದ ಬಾಣವನ್ನು ಎರಡು ಸಲ ಒತ್ತಿ. ಎರಡು ಫ್ರೇಮ್ ಬಲಕ್ಕೆ ಹೋಗುತ್ತದೆ. ಮತ್ತೆ ಶಿಫ್ಟ್ ಜಿ ಒತ್ತಿ ಬಿಡಿಸಿಕೊಳ್ಳಿ. ಮೌಸಿನಲ್ಲಿ ಎಳೆಯಲು ಹೋಗಬೇಡಿ. ಸ್ನ್ಯಾಪ್ ಆನ್ ಇದ್ದರೆ ಪಕ್ಕದ ಅಂಚಿಗೆ ಹೋಗಿ ಅಂಟಿಕೊಳ್ಳುತ್ತದೆ. ಮೊಬೈಲು ಮೂರು ಮೀಟರ್ ದೂರದಲ್ಲಿ ಇರುವುದರಿಂದ ಅದಕ್ಕೆ ಇದರ ಅಗತ್ಯವಿಲ್ಲ. ಇನ್ನೊಂದು ಮಾತು, ದೂರ ಅಳೆಯಬೇಕಾದ್ದು ಕ್ಯಾಮೆರಾದಿಂದ ಹತ್ತಿರದ ಸ್ಪೀಕರಿಗೆ. ಸಭೆಯ ನಡುವೆ ಇನ್ನೊಂದು ಜೋಡಿ ಸ್ಪೀಕರ್ ನಿಲ್ಲಿಸಿದ್ದರೆ ನಿಮ್ಮ 30 ಮೀಟರ್ 10 ಆಗಿಬಿಡುತ್ತದೆ. ಆಗ ಒಂದು ಫ್ರೇಮೂ ಪೂರ್ತಿ ಆಗುವುದಿಲ್ಲ, ಬಿಟ್ಟುಬಿಡಿ.

ಎರಡು ಫ್ರೇಮಿಗೆ ಇಷ್ಟು ರಗಳೆ ಬೇಕಾ ಅಂತ ಕೇಳಬಹುದು. ಟಿವಿ ಪ್ರಸಾರಕ್ಕೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಒಂದು ಲೆಕ್ಕ ಕೊಟ್ಟಿದೆ. ಧ್ವನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ಜನಕ್ಕೆ ಗೊತ್ತಾಗತೊಡಗುತ್ತದೆ. ಹಿಂದಾದರೆ ಗೊತ್ತಾಗುವುದು ಸುಮಾರು 125 ದಾಟಿದ ಮೇಲೆ. ದೂರದ ಧ್ವನಿ ತಡವಾಗಿ ಬರುವುದು ನಮಗೆ ಹುಟ್ಟಿನಿಂದ ರೂಢಿ, ಗುಡುಗು ಮಿಂಚಿಗಿಂತ ಮೊದಲು ಬಂದದ್ದು ಯಾರೂ ಕಂಡಿಲ್ಲ. ಹಾಗಾಗಿ ಇಡೀ ರಂಗಸ್ಥಳ ಕಾಣುವ ಶಾಟಿನಲ್ಲಿ 88 ನಡೆಯುತ್ತದೆ. ಹಿಂದಿನಿಂದ ಜೂಮ್ ಮಾಡಿ ಮುಖ ತುಂಬಿಸಿದ್ದರೆ ಸರಿಪಡಿಸಿ. ಆದರೆ ಈ 88ರ ಮೇಲೆ ಇನ್ನೊಂದು ತಡ ಬಂದು ಕೂತರೆ 125 ದಾಟುವುದು ಎಷ್ಟೊತ್ತಿನ ಮಾತು? ನಿಮ್ಮ ಒಂದು ಗಂಟೆಯ ನಂತರದ ತೊಂದರೆ ಅದೇ ಇರಬೇಕು.

ಪ್ರತಿ ಯಂತ್ರದ ಒಳಗೂ ಒಂದು ಸ್ಫಟಿಕ ಗಡಿಯಾರ ಇದೆ. ಅವು ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ. ಹತ್ತು ಲಕ್ಷದಲ್ಲಿ 50 ಪಾಲಿನಷ್ಟು ವ್ಯತ್ಯಾಸ ಇದೆ ಅನ್ನಿ. ಕೇಳಲು ಏನೂ ಅಲ್ಲ. ಗಂಟೆಯಲ್ಲಿ 3600 ಸೆಕೆಂಡ್, ಅದಕ್ಕೆ 180 ಮಿಲಿಸೆಕೆಂಡ್ ಆಯಿತು. ನಾಲ್ಕೂವರೆ ಫ್ರೇಮ್. ಮೂರು ಗಂಟೆಯ ಆಟದ ಕೊನೆಗೆ ಅರ್ಧ ಸೆಕೆಂಡು ದಾಟಿರುತ್ತದೆ. ಇದು ಯಾರ ತಪ್ಪೂ ಅಲ್ಲ. ದೊಡ್ಡ ಕೆಲಸಗಳಲ್ಲಿ ಎಲ್ಲ ಯಂತ್ರಗಳಿಗೂ ಒಂದೇ ಗಡಿಯಾರದ ಸಂಕೇತ ಕೊಡುತ್ತಾರೆ. ನಮಗೆ ಆ ಭಾಗ್ಯ ಇಲ್ಲ.

ಕಾಯಿಲೆ ಇದೇನಾ ಅಂತ ಮೊದಲು ಪರೀಕ್ಷೆ ಮಾಡಿ. ಶುರುವಿನಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ಒಂದೊಂದು ಚಂಡೆ ಪೆಟ್ಟು ಹಿಡಿದು ಎ1 ಮತ್ತು ಎ3ರ ಅಂತರ ನೋಡಿ. ಅಂತರ ಒಂದೇ ಸಮನೆ ಬೆಳೆಯುತ್ತಾ ಹೋದರೆ ಗಡಿಯಾರದ ತೊಂದರೆ. ಉದ್ದಕ್ಕೂ ಒಂದೇ ಅಂತರ ಇದ್ದರೆ ಶುರುವಿನಲ್ಲಿ ಹೊಂದಿಸಿದ್ದೇ ತಪ್ಪು. ಒಂದು ಕಡೆಯವರೆಗೆ ಸರಿಯಿದ್ದು ಅಲ್ಲಿಂದ ದಿಢೀರನೆ ಜಿಗಿದರೆ ಫೈಲುಗಳ ಕೊಂಡಿಯಲ್ಲಿ ಕೈಕೊಟ್ಟಿದೆ. ಹಲವು ಕ್ಯಾಮೆರಾಗಳು ಪ್ರತಿ 4 ಜಿಬಿಗೆ ಫೈಲು ತುಂಡು ಮಾಡುತ್ತವೆ. ಒಂದರ ಹಿಂದೆ ಒಂದು ಜೋಡಿಸುವಾಗ ನಡುವೆ ಕೆಲವು ಫ್ರೇಮ್ ಹೋಗಿರಬಹುದು. ರೆಕಾರ್ಡರುಗಳೂ 2 ಜಿಬಿಗೆ ತುಂಡು ಮಾಡುವುದುಂಟು. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ ಆದರೆ ಅದು ಸುಮಾರು ಎರಡು ಗಂಟೆಗೆ ಬರುತ್ತದೆ. ಇನ್ನು ಮೊಬೈಲಿನ ಚಿತ್ರಕ್ಕೂ ಧ್ವನಿಗೂ ನಡುವಿನ ಅಂತರ ಒಮ್ಮೆ ಹೆಚ್ಚಿ ಒಮ್ಮೆ ಇಳಿದು ಹುಚ್ಚುಹುಚ್ಚಾಗಿ ಆಡಿದರೆ ಮೊಬೈಲಿನ ಫ್ರೇಮ್ ರೇಟ್. ಅದಕ್ಕೆ ಮದ್ದು ಮೇಲೇ ಹೇಳಿದೆ. ಎಡಿಟಿಂಗಿನಲ್ಲಿ ಕೂತು ಎಳೆದಾಡಿ ಅದನ್ನು ಸರಿಮಾಡಲು ಆಗಲ್ಲ.

ಗಡಿಯಾರದ ತೊಂದರೆಗೆ ಎರಡು ದಾರಿ. ಕ್ಲಿಪ್ಪಿನ ವೇಗವನ್ನು ಕೂದಲೆಳೆಯಷ್ಟು ಬದಲಾಯಿಸುವುದು ಒಂದು. ನನಗೆ ಅದು ಇಷ್ಟವಿಲ್ಲ. ಅಷ್ಟು ಸಣ್ಣ ಅಂಕಿಯನ್ನು ಎಲ್ಲ ಸಾಫ್ಟ್‌ವೇರೂ ಒಪ್ಪುವುದಿಲ್ಲ, ಒಪ್ಪಿದರೂ ಆ ಧ್ವನಿ ಕೆಡಬಹುದು. ಇನ್ನೊಂದು ದಾರಿ ಒರಟು, ಆದರೆ ಗಟ್ಟಿ. 50 ಪಾಲಿನ ಲೆಕ್ಕದಲ್ಲಿ ಒಂದು ಫ್ರೇಮ್ ಜಾರಲು ಸುಮಾರು 13 ನಿಮಿಷ ಬೇಕು. ಆದ್ದರಿಂದ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕ್ಯಾಮೆರಾ ಕ್ಲಿಪ್ಪನ್ನು ಕತ್ತರಿಸಿ, ಮುಂದಿನ ಭಾಗವನ್ನು ಚಂಡೆ ಪೆಟ್ಟಿಗೆ ಮತ್ತೆ ಕೂರಿಸಿ. ಎಲ್ಲಿ ಕತ್ತರಿಸಬೇಕು? ಮೇಲೆ ಮೊಬೈಲಿನ ಚಿತ್ರ ಕಾಣುತ್ತಿರುವ ಕಡೆ. ವಿ2 ಮುಚ್ಚಿರುವಾಗ ಅದರ ಅಡಿಯಲ್ಲಿ ವಿ1ನ್ನು ಕತ್ತರಿಸಿ ಒಂದು ಫ್ರೇಮ್ ಆಚೀಚೆ ಮಾಡಿದರೆ ನೋಡುವವರಿಗೆ ಸುಳಿವೇ ಸಿಗುವುದಿಲ್ಲ. ಎ1ರಲ್ಲಿ ಆಗುವ ತುಂಡಿಗೆ ಎರಡೂ ಕಡೆ ಸಣ್ಣ ಫೇಡ್ ಕೊಡಿ, 'ಟಿಕ್' ಅನ್ನೋದು ತಪ್ಪುತ್ತದೆ. ಇದು ಸಾಧ್ಯ ಆಗುವುದು ಮಿಕ್ಸರ್ ಟ್ರ್ಯಾಕು ಒಂದೂ ಕಡೆ ತುಂಡಾಗದೆ ನಿಂತಿರುವುದರಿಂದ.

ಎರಡು ಕ್ಯಾಮೆರಾಗಳ ನಡುವೆ ಬದಲಾಯಿಸುವುದೂ ಇದೇ ನೆಲೆಯಲ್ಲಿ ಸುಲಭ. ವಿ1 ಉದ್ದಕ್ಕೂ ಇರಲಿ. ವಿ2ರಲ್ಲಿ ಮೊಬೈಲಿನ ಚಿತ್ರದಲ್ಲಿ ಬೇಡದ ಭಾಗದ ಎರಡು ತುದಿಗಳಲ್ಲಿ ಕತ್ತರಿಸಿ, ನಡುವಿನ ತುಂಡನ್ನು ಅಳಿಸಿ. ಅಲ್ಲಿ ಕೆಳಗಿನ ಕ್ಯಾಮೆರಾ ಕಾಣುತ್ತದೆ. ಅಷ್ಟೇ. ಕೆಡೆನ್‌ಲೈವ್‌ನಲ್ಲಿ ಮಲ್ಟಿಕ್ಯಾಮ್ ಟೂಲ್ ಅಂತ ಪ್ರತ್ಯೇಕ ಸೌಲಭ್ಯವೂ ಇದೆ, ನಾಲ್ಕೈದು ಕ್ಯಾಮೆರಾ ಇದ್ದಾಗ ನೋಡಿ. ಎಲ್ಲಿ ಬದಲಾಯಿಸಬೇಕು ಅನ್ನೋದಕ್ಕೆ ಕಿವಿಯನ್ನೇ ಕೇಳಿ. ಪದ್ಯ ನಡೆಯುವಾಗ ತಾಳದ ಪೆಟ್ಟಿಗೆ, ಕುಣಿತದಲ್ಲಿ ಮುಕ್ತಾಯಕ್ಕೆ, ಅರ್ಥ ಹೇಳುವಾಗ ಮಾತು ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ. ಕುಣಿತದಲ್ಲಿ ಹತ್ತಿರದ ಶಾಟಿಗೆ ಜಾಸ್ತಿ ಹೋಗಬೇಡಿ ಅನ್ನೋದು ನನ್ನ ಅಭಿಪ್ರಾಯ. ಹೆಜ್ಜೆ ಕಾಣದಿದ್ದರೆ ಕುಣಿತ ನೋಡಿ ಏನು ಬಂತು?

ಒಂದು ಕಡೆ ಕತ್ತರಿಸಿದರೆ ಎಲ್ಲ ಜರುಗುತ್ತದೆ ಅಂದಿರಲ್ಲ, ಅದು ಎಡಿಟ್ ಮೋಡಿನ ಕಾಟ. ಟೈಮ್‌ಲೈನಿನ ಮೇಲೆ ಮೂರು ಮೋಡ್ ಇವೆ: ನಾರ್ಮಲ್, ಓವರ್‌ರೈಟ್, ಇನ್ಸರ್ಟ್. ಇನ್ಸರ್ಟ್‌ನಲ್ಲಿ ಇದ್ದಾಗ ಹೊಸದನ್ನು ತುರುಕಿದರೆ ಉಳಿದದ್ದು ಬಲಕ್ಕೆ ಹೋಗುತ್ತದೆ, ತೆಗೆದರೆ ಎಡಕ್ಕೆ ಬರುತ್ತದೆ. ನಿಮ್ಮ ಥರದ ಕೆಲಸಕ್ಕೆ ನಾರ್ಮಲ್ ಬಿಟ್ಟು ಬೇರೆಗೆ ಹೋಗಲೇಬೇಡಿ. ಸ್ಪೇಸರ್ ಟೂಲ್, ರಿಪಲ್ ಟೂಲ್, 'ರಿಮೂವ್ ಸ್ಪೇಸ್' ಇವುಗಳ ಹತ್ತಿರವೂ ಸುಳಿಯಬೇಡಿ. ಇವು ಸಿನಿಮಾ ದೃಶ್ಯ ಕಟ್ಟುವವರಿಗೆ, ಸಂದರ್ಶನ ಎಡಿಟ್ ಮಾಡುವವರಿಗೆ ಒಳ್ಳೆಯ ಆಯುಧ. ಉದ್ದಕ್ಕೂ ಹೊಂದಿಕೊಂಡೇ ಇರಬೇಕಾದ ಆಟಕ್ಕೆ ಅಲ್ಲ. ಬೀಗ ಹಾಕಿದ್ದೇನೆ, ಏನೂ ಆಗಲ್ಲ ಅಂದುಕೊಳ್ಳಬೇಡಿ. ಬೀಗ ಹಾಕಿದ ಟ್ರ್ಯಾಕು ಮಾತ್ರ ನಿಲ್ಲುತ್ತದೆ, ಉಳಿದವು ಜರುಗುತ್ತವೆ. ಅಲ್ಲಿಂದ ಮುಂದೆ ಹೊಂದಾಣಿಕೆ ಪೂರ್ತಿ ಹೋಯಿತು.

ಹಾಗಾದರೆ ನಡುವೆ ಕರೆಂಟ್ ಹೋಗಿ ಹತ್ತು ನಿಮಿಷ ಸುಮ್ಮನೆ ಕೂತದ್ದನ್ನು, ಸನ್ಮಾನದ ಭಾಷಣವನ್ನು ತೆಗೆಯುವುದು ಹೇಗೆ? ಈ ಟೈಮ್‌ಲೈನಿನಲ್ಲಿ ತೆಗೆಯಲೇಬೇಡಿ. ಇಡೀ ಆಟ ಆದದ್ದು ಆದ ಹಾಗೆ ಮೊದಲು ಮುಗಿಸಿ. ಕೆಡೆನ್‌ಲೈವ್‌ನಲ್ಲಿ 23.04ನೇ ಆವೃತ್ತಿಯಿಂದ ಒಂದು ಪ್ರಾಜೆಕ್ಟಿನಲ್ಲಿ ಹಲವು ಸೀಕ್ವೆನ್ಸ್, ಅಂದರೆ ಬೇರೆ ಬೇರೆ ಟೈಮ್‌ಲೈನ್, ಇಡಬಹುದು, ಒಂದನ್ನು ಇನ್ನೊಂದರೊಳಗೆ ಕ್ಲಿಪ್ಪಿನಂತೆ ಹಾಕಬಹುದು. ಎರಡನೇ ಸೀಕ್ವೆನ್ಸ್ ಮಾಡಿ, ಮೊದಲನೆಯದನ್ನು ಅದಕ್ಕೆ ಎಳೆಯಿರಿ. ಈಗ ನಿಮ್ಮ ಆರು ಟ್ರ್ಯಾಕು ಒಂದೇ ಚಿತ್ರ, ಒಂದೇ ಧ್ವನಿಯಾಗಿ ಬಂತು. ಇಲ್ಲಿ ಧೈರ್ಯವಾಗಿ ಕತ್ತರಿಸಿ, ಖಾಲಿ ಜಾಗ ಮುಚ್ಚಿ. ಎಲ್ಲ ಒಟ್ಟಿಗೆ ಹೋಗುತ್ತವೆ, ಒಟ್ಟಿಗೆ ಬರುತ್ತವೆ. ಆಮೇಲೆ ಒಳಗೆ ಏನೋ ತಪ್ಪು ಕಂಡರೆ ಮೊದಲನೇ ಸೀಕ್ವೆನ್ಸಿಗೆ ಹೋಗಿ ತಿದ್ದಿದರೆ ಇಲ್ಲೂ ತಿದ್ದಿರುತ್ತದೆ. ಅರ್ಧ ಗಂಟೆಯ ತುಣುಕು ಬೇಕು, ಒಂದು ಪದ್ಯ ಮಾತ್ರ ಬೇಕು ಅಂದವರಿಗೆ ಮೂರನೇ ಸೀಕ್ವೆನ್ಸ್. ಮೂಲ ಮುಟ್ಟುವ ಪ್ರಶ್ನೆಯೇ ಇಲ್ಲ.

ಈಗ ಎರಡು ಧ್ವನಿಯ ವಿಷಯ. ಮೊಬೈಲಿನ ಎ2 ಯಾವಾಗಲೂ ಮ್ಯೂಟ್ ಇರಲಿ. ಅಳಿಸಬೇಡಿ, ಹೊಂದಿಸಲು ಬೇಕು. ಮೊಬೈಲು ಧ್ವನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುತ್ತದೆ. ಚಂಡೆ ಬಿದ್ದ ಕೂಡಲೇ ಎಲ್ಲವನ್ನೂ ತಗ್ಗಿಸುತ್ತದೆ, ಭಾಗವತರ ಮುಂದಿನ ಸಾಲು ಮುಳುಗುತ್ತದೆ. ಅದು ಕೇಳುವ ಧ್ವನಿ ಅಲ್ಲ.

ಹಾಗಂತ ಮಿಕ್ಸರಿನದೊಂದೇ ಸಾಕು ಅನ್ನಲೂ ಬರುವುದಿಲ್ಲ. ಸಣ್ಣ ಸಭೆಯಲ್ಲಿ ಚಂಡೆಗೆ ಮೈಕಿನ ಹಂಗಿಲ್ಲ, ಸೌಂಡಿನವರು ಅದನ್ನು ಮಿಕ್ಸರಿನಲ್ಲಿ ಎತ್ತುವುದೂ ಇಲ್ಲ. ಆದ್ದರಿಂದ ಮಿಕ್ಸರಿನ ರೆಕಾರ್ಡಿಂಗಿನಲ್ಲಿ ಭಾಗವತರು ಕಿವಿಗೆ ಅಂಟಿಕೊಂಡ ಹಾಗೆ ಕೇಳುತ್ತಾರೆ, ಚಂಡೆ ಎಲ್ಲೋ ದೂರ, ಜನರ ನಗು ಚಪ್ಪಾಳೆ ಇಲ್ಲವೇ ಇಲ್ಲ. ಆಟ ನಡೆದದ್ದು ಸ್ಟುಡಿಯೊದಲ್ಲೇನೋ ಅನ್ನಿಸುತ್ತದೆ. ಅದಕ್ಕೇ ಕ್ಯಾಮೆರಾದ ಎ1 ಬೇಕು. ಅದನ್ನು ಮಿಕ್ಸರಿಗಿಂತ ಸುಮಾರು 12 ಡೆಸಿಬೆಲ್ ಕೆಳಗೆ ಇಟ್ಟು ಶುರು ಮಾಡಿ. ಅಲ್ಲಿಂದ ಕಿವಿ ಹೇಳಿದ ಹಾಗೆ. ವೇಷದ ಪ್ರವೇಶಕ್ಕೆ, ಚಪ್ಪಾಳೆಗೆ ಸ್ವಲ್ಪ ಎತ್ತಿ, ಅರ್ಥದಲ್ಲಿ ಇಳಿಸಿ. ಕೆಡೆನ್‌ಲೈವ್‌ನ ಆಡಿಯೊ ಮಿಕ್ಸರಿನಲ್ಲಿ ಪ್ರತಿ ಟ್ರ್ಯಾಕಿಗೂ ಮಟ್ಟ ಏರಿಸಿ ಇಳಿಸುವ ಒಂದು ಸ್ಲೈಡರ್ ಇದೆ, ಒಟ್ಟು ಹದ ಅಲ್ಲಿ ಹಾಕಿ. ಏರಿಳಿತಗಳನ್ನು ಕ್ಲಿಪ್ಪಿನ ವಾಲ್ಯೂಮ್ ಎಫೆಕ್ಟಿಗೆ ಕೀಫ್ರೇಮ್, ಅಂದರೆ ಈ ಜಾಗದಲ್ಲಿ ಇಷ್ಟು ಮಟ್ಟ ಅನ್ನೋ ಗುರುತು, ಕೊಟ್ಟು ಮಾಡಿ.

ಎ1 ಮತ್ತು ಎ3 ಚಂಡೆ ಪೆಟ್ಟಿಗೆ ಹೊಂದಿದ್ದರೆ ಎರಡು ಧ್ವನಿ ಕೇಳಬಾರದು. ಕೇಳಿದರೆ ಎ1 ಜಾರಿದೆ ಅಂತಲೇ ಅರ್ಥ. ಎರಡಾಗಿ ಕೇಳದೆ ಡಬ್ಬದೊಳಗಿನ ಧ್ವನಿಯಂತೆ ಟೊಳ್ಳಾಗಿ ಕೇಳಿದರೆ ಅಂತರ ಒಂದು ಫ್ರೇಮಿಗಿಂತ ಕಡಿಮೆ. ಕೆಡೆನ್‌ಲೈವ್‌ನಲ್ಲಿ ಕ್ಲಿಪ್ಪನ್ನು ಒಂದು ಫ್ರೇಮಿಗಿಂತ ಸಣ್ಣ ಹೆಜ್ಜೆಯಲ್ಲಿ ಜರುಗಿಸಲು ಆಗಲ್ಲ. ಎ1ನ್ನು ಇನ್ನಷ್ಟು ತಗ್ಗಿಸಿ, ಅಥವಾ ಎರಡೂ ಧ್ವನಿಗಳನ್ನು ಆಡಾಸಿಟಿ ಅನ್ನೋ ಧ್ವನಿ ಎಡಿಟರಿನಲ್ಲಿ ಹಾಕಿ ಅಲ್ಲಿ ಮಿಲಿಸೆಕೆಂಡ್ ಲೆಕ್ಕದಲ್ಲಿ ಕೂರಿಸಿ ತನ್ನಿ.

ಮಿಕ್ಸರಿನ ಧ್ವನಿ ಎಡಗಿವಿಗೆ ಮಾತ್ರ ಬರುತ್ತಿದ್ದರೆ ಗಾಬರಿ ಬೇಡ. ಒಂದೇ ಲೈನ್ ಕೊಟ್ಟಿದ್ದಾರೆ. ಎಡ ಚಾನೆಲನ್ನು ಬಲಕ್ಕೆ ನಕಲು ಮಾಡುವ ಎಫೆಕ್ಟ್ ಹಾಕಿ, ಬೀಗ ಹಾಕುವ ಮೊದಲೇ. ಹೆಡ್‌ಫೋನಿಲ್ಲದೆ ಎಡಿಟ್ ಮಾಡಿದರೆ ಇದು ಗೊತ್ತೇ ಆಗುವುದಿಲ್ಲ.

ಮಟ್ಟದ ಬಗ್ಗೆ ಒಂದೆರಡು ಮಾತು. ಟ್ರ್ಯಾಕುಗಳು ಕೂಡುತ್ತವೆ ಅಂದೆನಲ್ಲ, ಒಂದೊಂದೂ ಸರಿಯಿದ್ದರೂ ಒಟ್ಟಾದಾಗ ಮೇಲೆ ಬಡಿಯಬಹುದು. ಮಾಸ್ಟರ್ ಮೀಟರಿನಲ್ಲಿ ಚಂಡೆಯ ಪೆಟ್ಟು ಮೈನಸ್ 1 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ. ಒಟ್ಟಾರೆ ಗಟ್ಟಿತನ ಯೂಟ್ಯೂಬಿಗೆ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಒಟ್ಟಾರೆ ಎಷ್ಟು ಜೋರು ಅನ್ನೋದರ ಅಳತೆ) ಆಸುಪಾಸು ಸಾಕು. ಅದಕ್ಕಿಂತ ಜೋರಾಗಿದ್ದರೆ ಅವರೇ ತಗ್ಗಿಸುತ್ತಾರೆ. ಮೆತ್ತಗಿದ್ದರೆ ಎತ್ತುವುದಿಲ್ಲ. ಆದರೆ ಆ ಅಂಕಿ ಮುಟ್ಟಿಸಲೇಬೇಕು ಅಂತ ಜೋರಾದದ್ದನ್ನು ಅದುಮುವ ಕಂಪ್ರೆಸರ್ ಎಫೆಕ್ಟನ್ನು ಜೋರಾಗಿ ಹಾಕಿದರೆ ಚಂಡೆಗೂ ಮಾತಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಸ್ವಲ್ಪ ಮೆತ್ತಗೆ ಬಿಡಿ, ಪರವಾಗಿಲ್ಲ.

ಮುಂದಿನ ಆಟಕ್ಕೆ ಹೋಗುವಾಗ ಕೆಲವನ್ನು ಅಲ್ಲೇ ಸರಿಮಾಡಿಕೊಂಡರೆ ಎಡಿಟಿಂಗಿನಲ್ಲಿ ಅರ್ಧ ಕೆಲಸ ಉಳಿಯುತ್ತದೆ. ರೆಕಾರ್ಡರು 48 ಕಿಲೋಹರ್ಟ್ಸ್‌ನಲ್ಲಿರಲಿ, ವಿಡಿಯೊದ ರೂಢಿ ಅದೇ. ಕ್ಯಾಮೆರಾ 25 ಫ್ರೇಮ್, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟಿನ ಮಿನುಗು ಕಾಣುವುದಿಲ್ಲ. ಮೊಬೈಲಿನಲ್ಲೂ ಫ್ರೇಮ್ ರೇಟ್ ಮತ್ತು ಶಟರ್ ಹಿಡಿದಿಡುವ ಕ್ಯಾಮೆರಾ ಆ್ಯಪ್ ಇದ್ದರೆ ಹಾಗೇ ಇಡಿ. ಮೂರೂ ಯಂತ್ರಗಳು ಓಡತೊಡಗಿದ ಮೇಲೆ ಯಾರಾದರೂ ರಂಗಸ್ಥಳದ ಮೈಕಿನ ಮುಂದೆ ಕ್ಯಾಮೆರಾಕ್ಕೆ ಕಾಣುವ ಹಾಗೆ ಜೋರಾಗಿ ಒಂದು ಚಪ್ಪಾಳೆ ತಟ್ಟಲಿ. ಮಂಗಳ ಆದ ಮೇಲೆ ಇನ್ನೊಂದು. ಶುರು ಮತ್ತು ಕೊನೆಯ ಗುರುತು ಎರಡೂ ಸಿಕ್ಕಿದರೆ ಗಡಿಯಾರ ಎಷ್ಟು ಜಾರಿದೆ ಅನ್ನೋದು ಒಂದು ನಿಮಿಷದಲ್ಲಿ ತಿಳಿಯುತ್ತದೆ. ನಡುವೆ ರೆಕಾರ್ಡರ್ ನಿಲ್ಲಿಸಬೇಡಿ, ಕರೆಂಟ್ ಹೋದರೂ ಬ್ಯಾಟರಿಯಲ್ಲಿ ಓಡಲಿ. ಮೊಬೈಲನ್ನು ಫ್ಲೈಟ್ ಮೋಡಿಗೆ ಹಾಕಿ. ಒಂದು ಕಾಲ್ ಬಂದರೂ ಕೆಲವು ಫೋನುಗಳಲ್ಲಿ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲುತ್ತದೆ.